2 ಅಡಿ ಟ್ಯಾಂಕ್, ಬೋರ್ ನೀರು: ಯಾವ ಮೀನು ಬಿಡಲಿ?

ಸಂಪಿನ_ನೀರು · 1ನೇ ದಿನ

ಎಲ್ಲರಿಗೂ ನಮಸ್ಕಾರ. ಮಗಳ ಹುಟ್ಟುಹಬ್ಬಕ್ಕೆ ಅಂತ ಒಂದು ಅಕ್ವೇರಿಯಂ ತಂದಿದ್ದೇವೆ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ಮುಚ್ಚಳ, ಲೈಟು, ಸಣ್ಣ ಸ್ಪಾಂಜ್ ಫಿಲ್ಟರ್, ಏರ್ ಪಂಪ್, ಬಣ್ಣದ ಕಲ್ಲು ಎಲ್ಲಾ ಬಂದಿದೆ. ಮೀನು ಮಾತ್ರ ಇನ್ನೂ ತಂದಿಲ್ಲ. ಮನೆ ಬೆಂಗಳೂರಲ್ಲಿ, ವಿಜಯನಗರದ ಕಡೆ.

ಅಂಗಡಿಯವರು ಒಂದು ಸೆಟ್ ಹೇಳಿದ್ದಾರೆ. ಗೋಲ್ಡ್‌ಫಿಶ್ 2, ಏಂಜೆಲ್ 2, ಗಪ್ಪಿ 6, ನಿಯಾನ್ ಟೆಟ್ರಾ 6, ಗಾಜು ಕ್ಲೀನ್ ಮಾಡೋಕೆ ಸಕ್ಕರ್ 1. ಇವತ್ತು ನೀರು ತುಂಬಿಸಿ ನಾಲ್ಕು ಹನಿ ಆ್ಯಂಟಿ ಕ್ಲೋರಿನ್ ಹಾಕಿ, ನಾಳೆ ಬಂದು ಮೀನು ತಗೊಂಡು ಹೋಗಿ ಅಂದರು. ಮಗಳು ಗೋಲ್ಡ್‌ಫಿಶ್‌ಗಳಿಗೆ ಆಗಲೇ ಹೆಸರಿಟ್ಟಿದ್ದಾಳೆ. ಈ ಪಟ್ಟಿ ಸರಿ ಇದೆಯಾ?

ಗಪ್ಪಿ_ಗಲಾಟೆ

ಹೆಸರಿಟ್ಟರೆ ಇಡಲಿ ಬಿಡಿ, ದುಡ್ಡು ಇನ್ನೂ ಕೊಟ್ಟಿಲ್ಲ ಅಲ್ವಾ? ಕೊಡಬೇಡಿ. ಅದು ಮೀನಿನ ಸೆಟ್ ಅಲ್ಲ, ಜಗಳದ ಸೆಟ್. ಏಂಜೆಲ್ ಈಗ ಐದು ರೂಪಾಯಿ ನಾಣ್ಯದಷ್ಟಿರುತ್ತದೆ. ಬೆಳೆದ ಮೇಲೆ ಮೈಯೇ 15 ಸೆಂ.ಮೀ. ಹತ್ತಿರ ಹೋಗುತ್ತದೆ, ರೆಕ್ಕೆ ಬೇರೆ. ಆಗ ನಿಯಾನ್ ಅದಕ್ಕೆ ಜೊತೆಗಾರ ಅಲ್ಲ, ತಿಂಡಿ.

ಸಕ್ಕರ್ ಅಂತೂ ದೊಡ್ಡ ಮೋಸ. ಅಂಗಡಿಯಲ್ಲಿ ಬೆರಳುದ್ದ ಇರುತ್ತದೆ, ಆಮೇಲೆ ಒಂದು ಅಡಿ ದಾಟುತ್ತದೆ. ನಿಮ್ಮ ಟ್ಯಾಂಕ್ ಅಗಲವೇ ಒಂದು ಅಡಿ. ಅದು ತಿರುಗೋದು ಹೇಗೆ? ಗಾಜು ಕ್ಲೀನ್ ಮಾಡುತ್ತದೆ ಅಂತಾರೆ. ಮಾಡುವುದಕ್ಕಿಂತ ಜಾಸ್ತಿ ಗಲೀಜು ಮಾಡುತ್ತದೆ, ದಾರದ ಹಾಗೆ ಉದ್ದುದ್ದ ಕಕ್ಕ.

ಬೌಲ್_ಬಸಣ್ಣ

ಎಲ್ಲಾ ಸುಮ್ನೆ ಹೆದರಿಸ್ತೀರಿ. ನಮ್ಮ ಮನೆಯಲ್ಲಿ ಬೌಲ್‌ನಲ್ಲೇ ಎರಡು ಗೋಲ್ಡ್‌ಫಿಶ್ ಒಂದೂವರೆ ವರ್ಷ ಇದ್ದವು. ಫಿಲ್ಟರ್ ಇಲ್ಲ, ಏನಿಲ್ಲ. ವಾರಕ್ಕೊಮ್ಮೆ ಪೂರ್ತಿ ನೀರು ಚೆಲ್ಲಿ ಬೌಲ್ ಉಜ್ಜಿ ತೊಳೆಯುತ್ತಿದ್ದೆವು.

ಧಾರವಾಡ_ಪೇಡೆ

ಬಸಣ್ಣೋರ, ಗೋಲ್ಡ್‌ಫಿಶ್ ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ದಾಟಿ ಬದುಕುವ ಮೀನು ರೀ. ಒಂದೂವರೆ ವರ್ಷಕ್ಕೆ ಹೋಯಿತು ಅಂದರೆ ಅದು ಬದುಕಿದ್ದಲ್ಲ, ಸಾಯೋಕೆ ಅಷ್ಟು ದಿನ ತಗೊಂಡಿದ್ದು.

ಬೌಲ್_ಬಸಣ್ಣ

ಆಯ್ತು ಮಾರಾಯ್ರೆ.

ಹಳೇ_ಗಾಜು

ಮೇಡಂ, ಮೀನಿನ ವಿಷಯ ಆಮೇಲೆ ನೋಡೋಣ. ಮೊದಲು ಇಷ್ಟು ಹೇಳಿ. ನಿಮ್ಮ ನಲ್ಲಿಯಲ್ಲಿ ಬರುವುದು ಕಾವೇರಿ ನೀರಾ, ಬೋರ್ ನೀರಾ, ಎರಡೂ ಸಂಪಿನಲ್ಲಿ ಸೇರಿ ಬರುತ್ತದಾ? ಟ್ಯಾಂಕರ್ ತರಿಸುತ್ತೀರಾ? ಬಚ್ಚಲಿನ ನಲ್ಲಿಯ ಮೇಲೆ ಬಿಳಿ ಉಪ್ಪು ಕಟ್ಟುತ್ತದಾ? ಮೂವತ್ತು ವರ್ಷದಿಂದ ಮೀನು ಸಾಕುತ್ತಿದ್ದೇನೆ, ಈಗ ಯಾರೇ ಕೇಳಿದರೂ ನಾನು ಮೊದಲು ಕೇಳುವುದು ಇದನ್ನೇ.

ಸಂಪಿನ_ನೀರು · 2ನೇ ದಿನ

ಸರ್, ಕಾವೇರಿ ಬರುತ್ತದೆ, ಆದರೆ ಅದು ಅಡುಗೆಮನೆಗೆ ಮಾತ್ರ ಸಾಕಾಗುತ್ತದೆ. ಉಳಿದದ್ದೆಲ್ಲ ಬೋರ್. ಬೇಸಿಗೆಯಲ್ಲಿ ಟ್ಯಾಂಕರ್. ಎಲ್ಲಾ ಒಂದೇ ಸಂಪಿಗೆ ಬೀಳುತ್ತದೆ. ಬಿಳಿ ಉಪ್ಪು ಕೇಳಬೇಡಿ, ಶವರ್ ತೂತುಗಳನ್ನು ತಿಂಗಳಿಗೊಮ್ಮೆ ಸೂಜಿಯಲ್ಲಿ ಚುಚ್ಚಬೇಕು. ಇವತ್ತು ವಾಟರ್ ಪ್ಯೂರಿಫೈಯರ್ ಸರ್ವಿಸ್‌ಗೆ ಬಂದ ಹುಡುಗನ ಮೀಟರ್‌ನಲ್ಲಿ ನೋಡಿಸಿದೆ, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣದ ಅಳತೆ) 620. ಕುಡಿಯುವ ಆರ್‌ಒ ನೀರೇ ಟ್ಯಾಂಕ್‌ಗೆ ಹಾಕಿಬಿಡಲಾ?

ಹಳೇ_ಗಾಜು

ಬೇಡ. ಆರ್‌ಒ ನೀರಿನಲ್ಲಿ ಲವಣ ಹೆಚ್ಚುಕಮ್ಮಿ ಪೂರ್ತಿ ಹೋಗಿರುತ್ತದೆ. ಪಿಎಚ್ ಹಿಡಿದು ನಿಲ್ಲಿಸೋಕೆ ಅದರಲ್ಲಿ ಏನೂ ಇರಲ್ಲ. ಒಂದು ದಿನ ಸರಿ ಇರುತ್ತದೆ, ಇನ್ನೊಂದು ದಿನ ಜಾರಿಬಿಡುತ್ತದೆ. ಮೀನಿಗೆ ಗಡಸು ನೀರು ಕಷ್ಟ ಅಲ್ಲ, ದಿನಾ ಬದಲಾಗುವ ನೀರು ಕಷ್ಟ. ನಿಮ್ಮ ನೀರು ಗಡಸು. ಅದು ತಪ್ಪಲ್ಲ. ಅದಕ್ಕೆ ಹೊಂದುವ ಮೀನು ತಂದರೆ ಆಯಿತು.

ಗಪ್ಪಿ, ಪ್ಲಾಟಿ, ಮೋಲಿ. ಮೂರೂ ಮರಿ ಹಾಕುವ ಜಾತಿ, ಮೂರಕ್ಕೂ ಗಡಸು ನೀರು ಇಷ್ಟ. ನಿಯಾನ್ ಟೆಟ್ರಾ ಅಮೆಜಾನ್ ಕಡೆಯದು. ಅಲ್ಲಿಯ ನೀರು ಎಲೆ ಕೊಳೆತು ಚಹಾ ಡಿಕಾಕ್ಷನ್ ಥರ, ತುಂಬಾ ಮೆದು. ನಿಮ್ಮ ಸಂಪಿನ ನೀರಿಗೆ ಅದನ್ನು ತಂದು ಹಾಕಿದರೆ ಬದುಕಲೂಬಹುದು, ಆದರೆ ಬಣ್ಣ ಕಳಕೊಂಡು ಮೂಲೆ ಹಿಡಿಯುತ್ತದೆ.

ಈಗ ನಿಜವಾದ ವಿಷಯ. ನಾಳೆ ಮೀನು ತರಬೇಡಿ, ನಾಡಿದ್ದೂ ಬೇಡ. ಮೀನು ಉಸಿರಾಡಿದರೂ, ಕಕ್ಕ ಮಾಡಿದರೂ, ನೀವು ಹಾಕಿದ ತಿಂಡಿ ಉಳಿದು ಕೊಳೆತರೂ ನೀರಿಗೆ ಅಮೋನಿಯಾ ಸೇರುತ್ತದೆ. ಅಮೋನಿಯಾ ಮೀನಿನ ಕಿವಿರು ಸುಡುತ್ತದೆ. ಗಡಸು ನೀರಿನಲ್ಲಿ ಪಿಎಚ್ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ, ಪಿಎಚ್ ಜಾಸ್ತಿ ಇದ್ದಷ್ಟೂ ಅದರ ವಿಷ ಜಾಸ್ತಿ. ಇದನ್ನು ತಿನ್ನೋಕೆ ಒಂದು ಬಗೆಯ ಬ್ಯಾಕ್ಟೀರಿಯಾ ಇದೆ, ಅದು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ. ಅದನ್ನು ತಿನ್ನೋಕೆ ಇನ್ನೊಂದು ಬಗೆ, ಅದು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಸಾಧು. ವಾರಕ್ಕೊಮ್ಮೆ ನಾಲ್ಕರಲ್ಲೊಂದು ಭಾಗ ನೀರು ಬದಲಾಯಿಸಿದರೆ ತೊಂದರೆ ಕೊಡಲ್ಲ.

ಈ ಬ್ಯಾಕ್ಟೀರಿಯಾ ಹೊಸ ಟ್ಯಾಂಕ್‌ನಲ್ಲಿ ಇರುವುದೇ ಇಲ್ಲ. ತಾನಾಗಿ ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು. ಇರುವುದು ನೀರಿನಲ್ಲಿ ಅಲ್ಲ, ಸ್ಪಾಂಜಿನಲ್ಲಿ, ಕಲ್ಲಿನ ಮೇಲೆ. "ತಂದ ಮೀನೆಲ್ಲ ವಾರದಲ್ಲಿ ಸತ್ತುಹೋಯಿತು, ನಮ್ಮ ಕೈಗುಣ ಸರಿ ಇಲ್ಲ" ಅಂತಾರಲ್ಲ, ಕೈಗುಣ ಅಲ್ಲ ಅದು. ಅಮೋನಿಯಾ.

ಸಂಪಿನ_ನೀರು

ಆರು ವಾರ ಖಾಲಿ ಟ್ಯಾಂಕ್ ನೋಡ್ತಾ ಕೂರೋದಾ? ಮಗಳಿಗೆ ಏನು ಹೇಳಲಿ?

ಗಪ್ಪಿ_ಗಲಾಟೆ

ಖಾಲಿ ಯಾಕೆ, ಗಿಡ ಹಾಕಿ. ಜಾವಾ ಫರ್ನ್, ಅನುಬಿಯಾಸ್ ಎರಡೂ ನೆಡೋದೇ ಬೇಡ, ಒಂದು ಕಲ್ಲಿಗೆ ದಾರ ಸುತ್ತಿ ಕಟ್ಟಿದರೆ ಸಾಕು. ಮನೆಯಲ್ಲಿ ಮನಿ ಪ್ಲಾಂಟ್ ಇದ್ದೇ ಇರುತ್ತದೆ. ಅದರ ಒಂದು ಬಳ್ಳಿ ಕತ್ತರಿಸಿ ಬೇರು ಮಾತ್ರ ನೀರಿಗೆ ಇಳಿಬಿಡಿ, ಎಲೆ ಹೊರಗಿರಲಿ. ನೈಟ್ರೇಟ್ ಹೀರಿಕೊಂಡು ದಾಂಡಿಗನ ಹಾಗೆ ಬೆಳೆಯುತ್ತದೆ.

ಬ್ಯಾಕ್ಟೀರಿಯಾಗೆ ದಿನಾ ಒಂದು ಚಿಟಿಕೆ ಮೀನಿನ ತಿಂಡಿ ಹಾಕಿ. ಕೊಳೆತು ಅಮೋನಿಯಾ ಆಗುತ್ತದೆ. ಆ ಕೆಲಸ ಮಗಳಿಗೇ ಕೊಡಿ. "ಕಾಣದ ಮೀನಿಗೆ ಊಟ" ಅಂತ ನನ್ನ ಮಗ ಒಂದು ತಿಂಗಳು ಮಾಡಿದ್ದ.

ಧಾರವಾಡ_ಪೇಡೆ

ತಿಂಡಿ ಕೊಳೆತರೆ ವಾಸನೆ ಭಾಳ. ನಾನು ನವಸಾಗರ ಹಾಕಿದ್ದೆ. ಪಾತ್ರೆಗೆ ಕಲಾಯಿ ಹಾಕುವವರು ಬಳಸುತ್ತಾರಲ್ಲ, ಅದೇ. ಅಮೋನಿಯಂ ಕ್ಲೋರೈಡ್ ಅಂದರೆ ಅದೇ ರೀ. ಆದರೆ ಅಳತೆ ಮುಖ್ಯ. ಈ ಸೈಜಿನ ಟ್ಯಾಂಕ್‌ಗೆ ಸುಮಾರು 0.3 ಗ್ರಾಂ, ಸಣ್ಣ ಚಿಟಿಕೆ. ಟೆಸ್ಟ್ ಕಿಟ್ ಇಲ್ಲದೆ ಹಾಕಬಾರದು. ಮೀನು ಇರುವ ನೀರಿಗಂತೂ ಯಾವತ್ತೂ ಹಾಕಬಾರದು.

ಹಳೇ_ಗಾಜು

ಮೊದಲ ಸಲಕ್ಕೆ ಮೀನಿನ ತಿಂಡಿಯೇ ಸಾಕು. ನವಸಾಗರ ಕೈ ಪಳಗಿದವರಿಗೆ. ಮೇಡಂ, ನಾನು ಬಸವೇಶ್ವರನಗರದಲ್ಲೇ ಇರೋದು. ನನ್ನ ಹಳೇ ಟ್ಯಾಂಕ್‌ನಲ್ಲಿ ಎರಡು ವರ್ಷ ಓಡಿರುವ ಒಂದು ಸ್ಪಾಂಜ್ ಫಿಲ್ಟರ್ ಇದೆ, ಕೊಡುತ್ತೇನೆ. ನೋಡೋಕೆ ಅಸಹ್ಯವಾಗಿರುತ್ತದೆ, ಕಂದು ಬಣ್ಣ, ಹಿಂಡಿದರೆ ಕೆಸರು. ಆ ಕೆಸರೇ ಬೇಕಾಗಿರೋದು. ನನ್ನ ಟ್ಯಾಂಕ್ ನೀರಿನ ಜೊತೆಯೇ ಕವರ್‌ನಲ್ಲಿ ಹಾಕಿ ಕೊಡುತ್ತೇನೆ. ದಾರಿಯಲ್ಲಿ ಕಾಫಿಗೆ ನಿಲ್ಲಬೇಡಿ, ಒಂದು ಗಂಟೆಯೊಳಗೆ ನಿಮ್ಮ ಟ್ಯಾಂಕ್‌ಗೆ ಇಳಿಸಿ ಗಾಳಿ ಕೊಡಿ. ಆರು ವಾರ ಇರುವುದು ಮೂರು ವಾರಕ್ಕೆ ಬರಬಹುದು.

ಧಾರವಾಡ_ಪೇಡೆ

ಮೇಡಂ, ಆ ಸ್ಪಾಂಜನ್ನು ನಲ್ಲಿ ಕೆಳಗೆ ಮಾತ್ರ ತೊಳೆಯಬೇಡಿ. ನಾನು ಒಂದು ದೀಪಾವಳಿಗೆ ಮನೆ ಕ್ಲೀನ್ ಮಾಡುವ ಹುರುಪಿನಲ್ಲಿ ಫಿಲ್ಟರ್ ಬಿಚ್ಚಿ ಕಾರ್ಪೊರೇಷನ್ ನೀರಿನಲ್ಲಿ ಫಳಫಳ ತೊಳೆದಿಟ್ಟೆ. ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಎಲ್ಲಾ ಸತ್ತಿತು. ಮೂರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಹದಿನಾಲ್ಕು ಮೀನು ಮೇಲೆ ಬಾಯಿ ಬಡಿಯುತ್ತಿದ್ದವು. ಸಂಜೆಗೆ ಐದು ಉಳಿದಿದ್ದವು. ಈಗ ಟ್ಯಾಂಕ್‌ನಿಂದ ತೆಗೆದ ನೀರನ್ನೇ ಬಕೆಟ್‌ಗೆ ಹಾಕಿ, ಅದರಲ್ಲಿ ಎರಡು ಸಲ ಹಿಂಡುತ್ತೇನೆ. ಅಷ್ಟೇ.

ಮಲೆನಾಡ_ಮುಗುಡು · 4ನೇ ದಿನ

ತಡವಾಗಿ ನೋಡಿದೆ. ನಮ್ಮದು ತೀರ್ಥಹಳ್ಳಿ ಹತ್ತಿರ. ಹಳೇ_ಗಾಜು ಅವರ ಮಾತಿಗೆ ನನ್ನದೊಂದು ಸಾಕ್ಷಿ. ನಮ್ಮ ಬಾವಿ ನೀರಿನ ಟಿಡಿಎಸ್ 40. ಎಲ್ಲರೂ ಮೋಲಿ ಸುಲಭ, ಮೋಲಿ ಸುಲಭ ಅಂದರು ಅಂತ ಶಿವಮೊಗ್ಗದಿಂದ ತಂದೆ. ಒಂದೇ ಜಾಗದಲ್ಲಿ ನಿಂತು ನಡುಗುತ್ತಿದ್ದವು, ರೆಕ್ಕೆ ಮಡಚಿಕೊಂಡು. ಮೂರು ತಿಂಗಳಲ್ಲಿ ಒಂದೂ ಇಲ್ಲ. ಅದೇ ಟ್ಯಾಂಕ್‌ನಲ್ಲಿ ಈಗ ನಿಯಾನ್ ಮೂರು ವರ್ಷದಿಂದ ಇವೆ. ಬೆಂಗಳೂರಿನವರಿಗೆ ಸುಲಭದ್ದು ನಮಗೆ ಕಷ್ಟ, ನಿಮಗೆ ಕಷ್ಟದ್ದು ನಮಗೆ ಸುಲಭ.

ಇನ್ನೊಂದು ಮಾತು. ಯಾರಾದರೂ "ಮಿಸ್ ಕೇರಳ ತಗೊಳ್ಳಿ, ನಮ್ಮ ಪಶ್ಚಿಮ ಘಟ್ಟದ್ದೇ" ಅಂದರೆ ಆಸೆಗೆ ಬೀಳಬೇಡಿ. ಕೆಂಪು ಗೆರೆ ಚೆಂದ, ನಿಜ. ಅದು ಗುಂಪಿನಲ್ಲಿ ಹರಿಯುವ ಹೊಳೆಯಲ್ಲಿ ಓಡುವ ಮೀನು. 15 ಸೆಂ.ಮೀ. ಬೆಳೆಯುತ್ತದೆ, 4 ಅಡಿ ಟ್ಯಾಂಕ್‌ಗಿಂತ ಕಡಿಮೆ ಆಗಲ್ಲ. ಕೇರಳ ಮತ್ತು ನಮ್ಮ ದಕ್ಷಿಣದ ಕೆಲವು ನದಿಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಹಿಡಿದು ಹಿಡಿದು ಅಳಿವಿನ ಅಂಚಿಗೆ ಬಂದಿದೆ.

ಗಪ್ಪಿ_ಗಲಾಟೆ

ಪೀ ಪಫರ್ ಹೇಳಿ ಅವರಿಗೆ. ಅದೂ ಘಟ್ಟದ್ದೇ, ಮೂರು ಸೆಂ.ಮೀ. ಮೀನು.

ಮಲೆನಾಡ_ಮುಗುಡು

ಹೊಸಬರಿಗೆ ಬೇಡ. ಒಣ ತಿಂಡಿ ಮೂಸಿಯೂ ನೋಡಲ್ಲ, ದಿನಾ ಹುಳ, ಬಸವನಹುಳು ಬೇಕು. ಗಪ್ಪಿ ಬಾಲ ಸಿಕ್ಕರೆ ಅದನ್ನೂ ಕಚ್ಚುತ್ತದೆ. ಮುಖ ಮಾತ್ರ ಮುದ್ದು.

ಸಂಪಿನ_ನೀರು · 12ನೇ ದಿನ

ಅಪ್‌ಡೇಟ್. ಸ್ಪಾಂಜ್ ತಂದೆ (ಅಂಕಲ್, ಆಂಟಿಗೆ ಥ್ಯಾಂಕ್ಸ್ ಹೇಳಿ, ಚಕ್ಕುಲಿ ಖಾಲಿ). ಗಿಡ ಕಟ್ಟಿದ್ದಾಯಿತು. ಡ್ರಾಪ್ ಟೆಸ್ಟ್ ಕಿಟ್ ದುಬಾರಿ ಅಂತ ಅಕ್ಕಪಕ್ಕದ ಮೂರು ಮನೆಯವರು ಸೇರಿ ಒಂದು ತರಿಸಿದೆವು. ಅಮೋನಿಯಾ ಮೊದಲು ಕಡು ಹಸಿರು ಬರುತ್ತಿತ್ತು, ಈಗ ಹಳದಿಗೆ ತಿರುಗುತ್ತಿದೆ, ಪೂರ್ತಿ ಹಳದಿ ಅಂದರೆ ಸೊನ್ನೆ. ನೈಟ್ರೈಟ್ ಇನ್ನೂ ನೇರಳೆ, ಅದು ನೀಲಿಗೆ ಬಂದರೆ ಸೊನ್ನೆ. ಮಗಳು ದಿನಾ ಸಂಜೆ ಹನಿ ಎಣಿಸುತ್ತಾಳೆ.

ಈ ಮಧ್ಯೆ ಯಜಮಾನರು ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆ ಹೋದವರು ಬೆಟ್ಟಾ (ಫೈಟರ್ ಮೀನು) ಫೋಟೋ ಕಳಿಸಿದ್ದಾರೆ. ನೀಲಿ, ಅಷ್ಟು ಚೆಂದ. ಗಪ್ಪಿ ಜೊತೆ ಒಂದು ಬೆಟ್ಟಾ ಬಿಡಬಹುದಾ?

ಗಪ್ಪಿ_ಗಲಾಟೆ

ಬೇಡವೇ ಬೇಡ. ಬೆಟ್ಟಾ ಕಣ್ಣಿಗೆ ಬಣ್ಣದ ಬಾಲದ ಗಪ್ಪಿ ಅಂದರೆ ಇನ್ನೊಂದು ಗಂಡು ಬೆಟ್ಟಾ. ಹರಿದುಹಾಕುತ್ತದೆ. ಅದಕ್ಕೆ ಬೆಚ್ಚಗೂ ಇರಬೇಕು, 25 ಡಿಗ್ರಿಗಿಂತ ಮೇಲೆ. ಡಿಸೆಂಬರ್ ರಾತ್ರಿ ನಿಮ್ಮ ಟ್ಯಾಂಕ್ 20–21ಕ್ಕೆ ಇಳಿಯುತ್ತದೆ, ಗಪ್ಪಿ ಹೇಗೋ ತಡೆಯುತ್ತದೆ. ಚಳಿಗಾಲಕ್ಕೆ 50 ವಾಟ್ ಹೀಟರ್ ಒಂದು ತಂದಿಡಿ. ನೀರಿಗೆ ಕೈ ಹಾಕುವ ಮುಂಚೆ ಪ್ಲಗ್ ಕೀಳಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಸಂಪಿನ_ನೀರು · 24ನೇ ದಿನ

ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಎರಡು ದಿನದಿಂದ! ಎಷ್ಟು ಮೀನು ತರಲಿ?

ಹಳೇ_ಗಾಜು

ಲೆಕ್ಕಕ್ಕೆ ನಿಮ್ಮದು 56 ಲೀಟರ್. ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನೀರು 45 ಇರಬಹುದು. ಗಪ್ಪಿ ಆರು, ಎಲ್ಲಾ ಗಂಡು. ಮೊದಲು ಮೂರು ತನ್ನಿ. ಹತ್ತು ದಿನ ಬಿಟ್ಟು ಮತ್ತೆ ಮೂರು. ಒಂದು ತಿಂಗಳಾದ ಮೇಲೆ ಬೇಕಾದರೆ ಮೂರು ಪ್ಲಾಟಿ. ಅಲ್ಲಿಗೆ ಮುಗಿಯಿತು. ಅಂಗಡಿಯವರು ಇಂಚಿನ ಲೆಕ್ಕ ಹೇಳುತ್ತಾರೆ, ಇಷ್ಟು ನೀರಿಗೆ ಇಷ್ಟು ಇಂಚು ಮೀನು ಅಂತ. ಒಂದು ಇಂಚಿನ ಹತ್ತು ಗಪ್ಪಿಯೂ ಹತ್ತು ಇಂಚಿನ ಒಂದು ಗೋಲ್ಡ್‌ಫಿಶ್ಶೂ ಒಂದೇನಾ? ಗಲೀಜು ನೋಡಿ ಲೆಕ್ಕ ಹಾಕಬೇಕು, ಉದ್ದ ನೋಡಿ ಅಲ್ಲ.

ಗಂಡು ಗುರುತಿಸೋದು ಬಾಲದ ಬಣ್ಣ ನೋಡಿ ಅಲ್ಲ. ಹೊಟ್ಟೆ ಕೆಳಗೆ ಹಿಂಭಾಗದಲ್ಲಿ ಒಂದು ಪುಟ್ಟ ರೆಕ್ಕೆ ಇರುತ್ತದೆ. ಗಂಡಿಗೆ ಅದು ಕಡ್ಡಿ ಥರ ಸಣ್ಣಗೆ, ಹೆಣ್ಣಿಗೆ ಬೀಸಣಿಗೆ ಥರ ಅಗಲ. ಹೆಣ್ಣಿಗೆ ಅದರ ಹತ್ತಿರವೇ ಕಪ್ಪು ಮಚ್ಚೆ ಕೂಡ ಇರುತ್ತದೆ. ಬಗ್ಗಿ ನೋಡಿ, ನಾಚಿಕೆ ಬೇಡ.

ಇಲ್ಲಿಗೆ ಬರುವ ಮೀನು ಬಹಳಷ್ಟು ಚೆನ್ನೈನ ಕೊಳತ್ತೂರಿನಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದಿರುತ್ತದೆ. ಬಂದ ದಿನವೇ ತರಬೇಡಿ, ಅಂಗಡಿಯಲ್ಲಿ ನಾಲ್ಕು ದಿನ ಕಳೆದದ್ದನ್ನು ಕೇಳಿ. ಮನೆಗೆ ಬಂದ ಮೇಲೆ ಕವರ್ ಕಟ್ಟಿದ ಹಾಗೇ 20 ನಿಮಿಷ ನೀರಿನ ಮೇಲೆ ತೇಲಿಬಿಡಿ. ಆಮೇಲೆ ರಬ್ಬರ್‌ಬ್ಯಾಂಡ್ ಬಿಚ್ಚಿ, ಐದೈದು ನಿಮಿಷಕ್ಕೆ ಒಂದು ಲೋಟ ನಿಮ್ಮ ನೀರು ಸೇರಿಸಿ. ಕೊನೆಗೆ ಬಲೆಯಲ್ಲಿ ಮೀನು ಮಾತ್ರ ಎತ್ತಿ. ಅಂಗಡಿ ನೀರು ಬಚ್ಚಲಿಗೆ.

ಸಂಪಿನ_ನೀರು · 25ನೇ ದಿನ

ಮೂರು ಬಂದವು. ಗೋಲ್ಡ್‌ಫಿಶ್‌ಗೆ ಇಟ್ಟಿದ್ದ ಹೆಸರೇ ಎರಡಕ್ಕೆ ಹೋಯಿತು, ಮೂರನೆಯದಕ್ಕೆ ಇನ್ನೂ ಚರ್ಚೆ ನಡೆದಿದೆ.

ಸಂಪಿನ_ನೀರು · 41ನೇ ದಿನ

ಅರ್ಜೆಂಟ್. ಆರು ಮೀನು ಚೆನ್ನಾಗಿದ್ದವು. ಇವತ್ತು ಬೆಳಿಗ್ಗೆ ನೀರು ಬದಲಾಯಿಸಿದೆ, ಸ್ವಲ್ಪ ಜಾಸ್ತಿ, ಅರ್ಧದಷ್ಟು. ಈಗ ಎಲ್ಲಾ ಮೇಲೆ ಬಂದು ಬಾಯಿ ತೆರೆಯುತ್ತಿವೆ. ಒಂದು ಪಕ್ಕಕ್ಕೆ ವಾಲಿದೆ. ಆ್ಯಂಟಿ ಕ್ಲೋರಿನ್ ಹಾಕಿದ್ದೆ.

ಹಳೇ_ಗಾಜು

ಏರ್ ಪಂಪ್ ಜೋರು ಮಾಡಿ. ತಿಂಡಿ ಹಾಕಬೇಡಿ. ನಿನ್ನೆ ಮೊನ್ನೆ ಟ್ಯಾಂಕರ್ ಬಂದಿತ್ತಾ?

ಸಂಪಿನ_ನೀರು

ಹೌದು, ನಿನ್ನೆ ಸಂಜೆ! ಈಗ ನೋಡಿದರೆ ಸಂಪಿನ ಟಿಡಿಎಸ್ 1100. ಪಂಪ್ ಜೋರು ಮಾಡೋಣ ಅಂದರೆ ಕರೆಂಟ್ ಬೇರೆ ಹೋಯಿತು.

ಧಾರವಾಡ_ಪೇಡೆ

ಮಗ್‌ನಲ್ಲಿ ಟ್ಯಾಂಕ್ ನೀರೇ ತೆಗೆದು ಒಂದು ಅಡಿ ಮೇಲಿಂದ ಸುರಿಯಿರಿ. ಚಹಾ ಆರಿಸುತ್ತೀರಲ್ಲ, ಹಾಗೆ. ಕರೆಂಟ್ ಬರುವ ತನಕ ಐದು ನಿಮಿಷಕ್ಕೊಮ್ಮೆ.

ಹಳೇ_ಗಾಜು

ಈಗ ಗಾಬರಿಯಲ್ಲಿ ಮತ್ತೆ ನೀರು ಬದಲಾಯಿಸಬೇಡಿ. ಒಂದೇ ದಿನ ಎರಡು ಸಲ ಏರಿಳಿತ ಆದರೆ ಇನ್ನೂ ಕಷ್ಟ. ಮುಂದೆ, ಟ್ಯಾಂಕರ್ ಬರುವ ಮುಂಚೆಯೇ ಎರಡು ಬಕೆಟ್ ಹಿಡಿದಿಡಿ. ಹೊಸ ನೀರೇ ಗತಿ ಅಂದರೆ ದಿನಕ್ಕೆ ಎರಡು ಚೊಂಬು, ವಾರಪೂರ್ತಿ. ನನ್ನ ಹತ್ತಿರ ಮುಚ್ಚಳದ ಡ್ರಮ್ ಒಂದು ಇದೆ, ಅದರ ನೀರು ಬಿಟ್ಟು ಟ್ಯಾಂಕ್‌ಗೆ ಬೇರೆ ಹಾಕುವುದೇ ಇಲ್ಲ.

ಸಂಪಿನ_ನೀರು · 42ನೇ ದಿನ

ವಾಲಿದ್ದು ಹೋಯಿತು. ಉಳಿದ ಐದು ಇವತ್ತು ತಿಂದವು. ಮಗಳು ಅದನ್ನು ದಾಸವಾಳದ ಕುಂಡದಲ್ಲಿ ಮಣ್ಣು ಮಾಡಿದಳು. "ಟ್ಯಾಂಕರ್ ಅಂಕಲ್‌ಗೆ ಹೇಳಬೇಕು" ಅಂತಿದ್ದಾಳೆ. ಏನು ಹೇಳಬೇಕು ಅಂತ ನನಗೂ ಗೊತ್ತಾಗಲಿಲ್ಲ. ಡ್ರಮ್ ಎಷ್ಟು ಲೀಟರ್‌ದು ಅಂಕಲ್?

ಹಳೇ_ಗಾಜು

100. ಮನೆಯವರು ಅಕ್ಕಿಗೆ ಅಂತ ತಂದಿದ್ದು. ಅದು ಬೇರೆ ಕಥೆ.

ಸಂಪಿನ_ನೀರು · 49ನೇ ದಿನ

ಅಂಕಲ್, ನಿಮ್ಮ "ಕಡ್ಡಿ ರೆಕ್ಕೆ, ಬೀಸಣಿಗೆ ರೆಕ್ಕೆ" ಪಾಠ ಪೂರ್ತಿ ಕಲಿತಿದ್ದೆ ಅಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಜಾವಾ ಫರ್ನ್ ಎಲೆ ಹಿಂದೆ ಏನೋ ಕದಲಿದ ಹಾಗಾಯಿತು. ಟಾರ್ಚ್ ಹಾಕಿ ನೋಡಿದರೆ ಬರೀ ಎರಡು ಕಣ್ಣು, ಒಂದು ಬಾಲ. ಸಾಸಿವೆ ಕಾಳಿಗೆ ಬಾಲ ಅಂಟಿಸಿದ ಹಾಗೆ. ಎಣಿಸಿದೆವು, 17. ಮಗಳ ಪ್ರಕಾರ 19.

ಗಪ್ಪಿ_ಗಲಾಟೆ

ಹ್ಹಹ್ಹ, ಅಭಿನಂದನೆಗಳು ಅಜ್ಜಿ! ಎರಡನೇ ಸಲ ತಂದ ಮೂರರಲ್ಲಿ ಒಂದು ಹೆಣ್ಣು, ಅಂಗಡಿಯಿಂದಲೇ ಬಸುರಿ. ಇಷ್ಟಕ್ಕೇ ನಿಲ್ಲಲ್ಲ. ಗಂಡು ಇಲ್ಲದಿದ್ದರೂ ಗಪ್ಪಿ ಹೆಣ್ಣು ತಿಂಗಳುಗಟ್ಟಲೆ ವೀರ್ಯ ಕೂಡಿಟ್ಟುಕೊಂಡು ನಾಲ್ಕು ವಾರಕ್ಕೊಮ್ಮೆ ಹಾಕುತ್ತಲೇ ಇರುತ್ತದೆ. ಮೊಟ್ಟೆಯ ಹಳದಿ ಬೇಯಿಸಿ, ಸೂಜಿ ಮೊನೆಯಷ್ಟನ್ನು ಮಾತ್ರ ನೀರಲ್ಲಿ ಕದಡಿ ಹಾಕಿ. ಹೆಚ್ಚು ಹಾಕಿದರೆ ನೀರು ಕೆಡುತ್ತದೆ.

ಸಂಪಿನ_ನೀರು

45 ಲೀಟರ್‌ಗೆ ಇಷ್ಟೊಂದು ಆಗಲ್ಲ ಅಲ್ವಾ? ದೊಡ್ಡವಾದ ಮೇಲೆ ಹತ್ತಿರದ ಕೆರೆಗೆ ಬಿಡಬಹುದು ಅಂತಾರೆ ಯಜಮಾನರು. ಸೊಳ್ಳೆ ಮರಿ ತಿನ್ನುತ್ತವಂತೆ, ಆರೋಗ್ಯ ಇಲಾಖೆಯವರೇ ಬಿಡುತ್ತಾರಂತೆ.

ಮಲೆನಾಡ_ಮುಗುಡು

ದಯವಿಟ್ಟು ಬೇಡ. ಇಲಾಖೆಯವರು ಬಿಡುವುದು ನಿಜ. ಆದರೆ ಗಪ್ಪಿ ದಕ್ಷಿಣ ಅಮೆರಿಕದ ಮೀನು. ಒಮ್ಮೆ ಸೇರಿಕೊಂಡರೆ ಹೋಗಲ್ಲ, ನಮ್ಮ ಮೀನಿನ ಮೊಟ್ಟೆ ಮರಿಯನ್ನೂ ತಿನ್ನುತ್ತದೆ. ಸೊಳ್ಳೆ ಮರಿ ತಿನ್ನೋಕೆ ನಮ್ಮಲ್ಲೇ ಮೀನಿದೆ. ನಮ್ಮ ತೋಟದ ಕಾಲುವೆಯಲ್ಲಿ ಒಂದಿದೆ, ತಲೆ ಮೇಲೆ ಹೊಳೆಯುವ ಚುಕ್ಕಿ, ನೀರಿನ ಮೇಲ್ಪದರದಲ್ಲೇ ಓಡಾಡುತ್ತದೆ. ಸೊಳ್ಳೆ ಮರಿ ಕಂಡರೆ ಬಿಡಲ್ಲ. ಸಕ್ಕರ್ ಕೂಡ ಹೀಗೇ ಯಾರೋ ಮನೆಯಲ್ಲಿ ಸಾಕಲಾರದೆ ಕೆರೆಗೆ ಬಿಟ್ಟದ್ದು. ಈಗ ಬಲೆ ಹಾಕಿದವರ ಬಲೆ ಹರಿಯುತ್ತಿದೆ.

ಬೌಲ್_ಬಸಣ್ಣ

ಮೇಡಂ, ನನಗೆ ಆರು ಕೊಡ್ತೀರಾ? ಬೌಲ್‌ಗೆ ಅಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ 2 ಅಡಿ ಟ್ಯಾಂಕ್ ತಂದು ಹದಿನೈದು ದಿನ ಆಯಿತು, ಯಾರಿಗೂ ಹೇಳಿರಲಿಲ್ಲ. ದಿನಾ ಚಿಟಿಕೆ ತಿಂಡಿ ಹಾಕ್ತಾ ಇದೀನಿ. ನೈಟ್ರೈಟ್ ಇನ್ನೂ ನೇರಳೆ ಬರ್ತಿದೆ.

ಸಂಪಿನ_ನೀರು

ಖಂಡಿತ ಬಸಣ್ಣ. ಮರಿ ಇನ್ನೊಂದು ತಿಂಗಳು ಬೆಳೆಯಬೇಕು, ಅಷ್ಟರಲ್ಲಿ ನಿಮ್ಮದೂ ಹಳದಿ, ನೀಲಿಗೆ ಬಂದಿರುತ್ತದೆ. ವಿಜಯನಗರ ಮೆಟ್ರೋ ಹತ್ತಿರ ಸಿಗೋಣ. ನಿಮ್ಮ ನಲ್ಲಿಯಲ್ಲಿ ಯಾವ ನೀರು ಬರುತ್ತದೆ, ಮೊದಲು ಅದು ಹೇಳಿ.